ಮೋಟರ್‌ಹೋಮ್ ರೂಫಿಂದ ಎರಡನೇ ಡಿಶ್ ಕೇಬಲ್ ಇಳಿಸಿದ್ದು

ಗಾಡಿ ಹಿಂಭಾಗದ ಟಿವಿಗೂ ಡಿಶ್ ಬೇಕು ಅಂತ ಮೊದಲು ಒಂದೇ ಕೇಬಲ್‌ನ ಎರಡಾಗಿ ಹಂಚೋ ಸ್ಪ್ಲಿಟರ್ ಹಾಕಿ ನೋಡ್ದೆ, ಒಂದ್ರಲ್ಲಿ ಚಾನೆಲ್ ಬದಲಾಯಿಸಿದ್ರೆ ಇನ್ನೊಂದು ಬ್ಲ್ಯಾಂಕ್. ಬಾಕ್ಸು 13 ಇಲ್ಲಾ 18 ವೋಲ್ಟ್ ಕಳಿಸಿ ಎಲ್‌ಎನ್‌ಬಿಗೆ (ಡಿಶ್ ಮುಂದೆ ಸಿಗ್ನಲ್ ಹಿಡಿಯೋ ಭಾಗ) ಪೋಲರೈಸೇಶನ್, ಅಂದ್ರೆ ಯಾವ ದಿಕ್ಕಿನ ಅಲೆ ಹಿಡೀಬೇಕು ಅಂತ ಹೇಳತ್ತೆ, ಎರಡು ಬಾಕ್ಸು ಒಂದೇ ವೈರಲ್ಲಿ ಕಿತ್ತಾಡಿದ್ರೆ ಇನ್ನೇನಾಗತ್ತೆ. ಸರಿ, ಎರಡು ಔಟ್‌ಪುಟ್ ಇರೋ ಟ್ವಿನ್ ಎಲ್‌ಎನ್‌ಬಿ ಹಾಕಿ ಇನ್ನೊಂದು ಆರ್‌ಜಿ6 ಕೇಬಲ್ ಎಳೆದೆ. ಹೊಸ ತೂತು ಕೊರೆಯೋಕೆ ಧೈರ್ಯ ಬರ್ಲಿಲ್ಲ, ಒಳಗೆ ಯಾವ ವೈರು ಎಲ್ಲಿದ್ಯೋ, ಅದಕ್ಕೆ ಹಳೇ ಕೇಬಲ್ ಇಳಿಯೋ ಜಾಗದಲ್ಲೇ ಗ್ಲಾಂಡ್ (ಕೇಬಲ್ ತೂರೋ ತೂತಿಂದ ನೀರು ಇಳೀದಂಗೆ ಹಾಕೋ ಮುಚ್ಚಳ) ಬಿಚ್ಚಿ, ಸೀಲಂಟ್ ಕೆರೆದು ತೆಗೆದು (ಚೂಯಿಂಗ್ ಗಮ್ ಥರ ಅಂಟ್ಕೊಂಡು ಅರ್ಧ ದಿನ ತಿಂತು), ಎರಡು ಕೇಬಲ್ ಹಿಡಿಯೋ ಗ್ಲಾಂಡ್ ಕೂರಿಸಿದೆ. ಕೇಬಲ್ ತುದಿಗೆ ಹಾಕೋ ಎಫ್ ಕನೆಕ್ಟರ್ ಮಾತ್ರ ಕೇಬಲ್ ತೂರಿಸಿದ್ಮೇಲೆ ಹಾಕಿ, ನಾನು ಮೊದಲೇ ಹಾಕಿ ಪೆದ್ದನಾದೆ. ಗ್ಲಾಂಡ್ ಹತ್ರ ಕೇಬಲ್ ಸ್ವಲ್ಪ ಕೆಳಗೆ ಬಾಗಿಸಿ ಬಿಟ್ಟಿದೀನಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗತ್ತೆ. ಪೈಪಲ್ಲಿ ನೀರು ಬಿಟ್ಟು ನೋಡ್ದೆ, ಒಳಗೆ ಒಂದ್ ಹನಿನೂ ಬರ್ಲಿಲ್ಲ.