ಮದರ್‌ಬೋರ್ಡ್ ಹೋದ್ರ ಗಾಬ್ರಿ ಆಗಬ್ಯಾಡ್ರಿ, ಡಿಸ್ಕ್ ಬಿಚ್ಚಿ ಬ್ಯಾರೆ ಪಿಸಿಗಿ ಹಚ್ರಿ

ನಮಸ್ಕಾರ್ರಿ ಎಲ್ಲರಿಗಿ. ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ನಮ್ದು ಝೆರಾಕ್ಸ್, ಆನ್‌ಲೈನ್ ಅರ್ಜಿ ತುಂಬೋ ಅಂಗಡಿ ಅದ. ಮೊನ್ನಿ ಕರೆಂಟ್ ಹೋಗಿ ಬಂದಾಗ ಪಿಸಿ ಮದರ್‌ಬೋರ್ಡೇ ಹೋಯ್ತು, ಹೊರಗ ನೋಡಿದ್ರ ಮಂದಿ ಪಾಳಿ ಹಚ್ಚಿ ನಿಂತಾರ. ವಿಂಡೋಸ್ ಹೊಸದಾಗಿ ಹಾಕಿ ನುಡಿ, ಪ್ರಿಂಟರ್, ಥಂಬ್ ಡಿವೈಸ್ ಎಲ್ಲಾ ಮತ್ತ ಕೂಡ್ಸಬೇಕಂದ್ರ ಇಡೀ ದಿನ ಹೋಗ್ತದ, ಅದಕ್ಕ ನಾ ಪ್ಲಗ್ ತಗದು ಎಸ್‌ಎಸ್‌ಡಿ (ವಿಂಡೋಸ್, ಫೈಲ್ ಎಲ್ಲಾ ಇರೋ ಡಿಸ್ಕ್) ಬಿಚ್ಚಿ ಮನ್ಯಾಗಿದ್ದ ಹಳೆ ಪಿಸಿಗಿ ಹಚ್ಚಿದೆ. ವಿಂಡೋಸ್ 10 ಇತ್ತು, ಮೊದಲ್ನೇ ಸಲ ಡ್ರೈವರ್ ಹುಡಿಕ್ಕೋತ ಸ್ವಲ್ಪ ತಡಾ ಮಾಡ್ತು, ಆಮ್ಯಾಲ ನನ್ನ ಡೆಸ್ಕ್‌ಟಾಪ್ ಹೆಂಗಿತ್ತೋ ಹಂಗೇ ಬಂತು ನೋಡ್ರಿ!

ಆದ್ರ ಬಯೋಸ್ (ವಿಂಡೋಸ್ ಬರೋಕಿಂತ ಮೊದ್ಲು ಪಿಸಿ ಚಾಲೂ ಮಾಡೋ ಪ್ರೋಗ್ರಾಮ್) ಸೆಟ್ಟಿಂಗ್ ನೋಡ್ಲೇಬೇಕು. ಪಿಸಿ ಬೂಟ್ ಆಗೋ ಮೋಡ್ ಎರಡು ಥರ ಇರ್ತದ, ಕೆಟ್ಟ ಪಿಸಿಯಾಗ ಯುಇಎಫ್‌ಐ ಇದ್ರ ಡಿಸ್ಕ್ ಹಚ್ಚಿದ ಪಿಸಿಯಾಗೂ ಅದೇ ಇಡ್ರಿ, ಲೆಗಸಿ ಇದ್ರ ಲೆಗಸಿ. ಸಾಟಾ ಮೋಡೂ (ಪಿಸಿ ಡಿಸ್ಕ್ ಜೋಡಿ ಮಾತಾಡೋ ರೀತಿ) ಹಂಗೇ, ಅಲ್ಲಿ ಎಎಚ್‌ಸಿಐ ಇದ್ದು ಇಲ್ಲಿ ರೇಡ್ ಇದ್ರ ನೀಲಿ ಸ್ಕ್ರೀನ್ ಬರ್ತದ, ಮಂದಿ ಡಿಸ್ಕೇ ಕೆಟ್ಟದ ಅಂತ ತಿಳ್ಕೊಂಡು ಫಾರ್ಮ್ಯಾಟ್ ಹೊಡೀತಾರ, ದಯಮಾಡಿ ಹಂಗ ಮಾಡಬ್ಯಾಡ್ರಿ.

ಬಿಟ್‌ಲಾಕರ್ (ಡಿಸ್ಕಿಗಿ ಬೀಗ ಹಾಕೋ ವಿಂಡೋಸ್ ಸೌಲಭ್ಯ) ಆನ್ ಇದ್ರ 48 ಅಂಕಿ ರಿಕವರಿ ಕೀ ಕೇಳ್ತದ, ಭಾಳ ಸಲ ಅದು ನಿಮ್ ಮೈಕ್ರೋಸಾಫ್ಟ್ ಅಕೌಂಟಿನಾಗ ಇರ್ತದ, ಪಿಸಿ ಚಂದಿದ್ದಾಗೇ ಒಂದು ಹಾಳ್ಯಾಗ ಬರ್ದಿಡ್ರಿ. ವಿಂಡೋಸ್ ಆಕ್ಟಿವೇಶನ್ ಮತ್ತ ಕೇಳಬಹುದು, ಪಿಸಿ ಜೋಡಿ ಬಂದ ಓಇಎಂ ಲೈಸೆನ್ಸ್ ಆದ್ರ ಸಾಮಾನ್ಯವಾಗಿ ಹೊಸ ಬೋರ್ಡಿಗಿ ನಡ್ಯಂಗಿಲ್ಲ. ಲಿನಕ್ಸ್ ಇದ್ದವ್ರಿಗಂತೂ ಇದು ಇನ್ನಾ ಸಲೀಸು.

ಎಸ್‌ಎಸ್‌ಡಿ ಎಂ.2 (ಬೋರ್ಡ್ ಮ್ಯಾಲಿನ ಸ್ಲಾಟಿಗೇ ನೇರ ಕೂಡೋ ಸಣ್ಣ ಪಟ್ಟಿಯಂಥದ್ದು) ಇದ್ರ ಇನ್ನೊಂದು ಪಿಸಿಯಾಗ ಆ ಸ್ಲಾಟ್ ಅದನಾ ಅಂತ ಈಗೇ ನೋಡಿಟ್ಕೊಳ್ರಿ.