ಎಬಿಎಸ್ ಘಟಕ ಬದಲಿಸಿದ ಮೇಲೂ ಆರದ ದೀಪ: ನನ್ನ ಅನುಭವ

ಕಾರವಾರದ ಉಪ್ಪುಗಾಳಿಯಲ್ಲಿ ಎಂಟು ಮಳೆಗಾಲ ಕಂಡ ನನ್ನ ಕಾರಿನ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಪಂಪಿನ ಮೋಟಾರು ಸತ್ತಿತು, ದೋಷಸಂಖ್ಯೆ 01276. ಗುಜರಿಯಿಂದ ಅದೇ ಪಾರ್ಟ್ ನಂಬರಿನ ಘಟಕ ತಂದು ಕೂಡಿಸಿ, ಬ್ರೇಕ್ ಗಾಳಿ ತೆಗೆಸಿದೆ. ಎಬಿಎಸ್, ಇಎಸ್‌ಪಿ (ಕಾರು ಜಾರದಂತೆ ಹಿಡಿಯುವ ವ್ಯವಸ್ಥೆ) ದೀಪಗಳು ಮಾತ್ರ ಆರಲಿಲ್ಲ. ಫೋಕ್ಸ್‌ವ್ಯಾಗನ್ ಬಳಗದ ಕಾರುಗಳ ದೋಷ ನೋಡುವ ತಂತ್ರಾಂಶ ವಿಸಿಡಿಎಸ್ ತೋರಿಸಿದ್ದು 01042, ಅಂದರೆ ಕೋಡಿಂಗ್ (ಘಟಕವನ್ನು ಆಯಾ ಕಾರಿಗೆ ಹೊಂದಿಸುವ ಸಂಖ್ಯೆ) ಆಗಿಲ್ಲ.

ಬ್ಯಾಟರಿ ಕಳಚಿಟ್ಟೆ, ದೋಷ ಅಳಿಸಿದೆ, ಸುಮ್ಮನೆ ಒಂದು ಚಕ್ರದ ಸೆನ್ಸರ್ ಕೂಡ ಬದಲಿಸಿದೆ. ದಂಡ. ಗೆಳೆಯನ ಅದೇ ಮಾದರಿಯ ಕಾರಿನ ಕೋಡಿಂಗ್ ಹಾಕಿದರೆ ಘಟಕ ಒಪ್ಪಲಿಲ್ಲ. ಎಂಜಿನ್, ಬ್ರೇಕ್, ಸಲಕರಣೆ ಬೇರೆಯಾದರೆ ಕೋಡಿಂಗೂ ಬೇರೆ.

ಹಳೆಯ ಘಟಕದಲ್ಲಿ ಸತ್ತದ್ದು ಮೋಟಾರು, ವಿದ್ಯುನ್ಮಂಡಲವಲ್ಲ. ಹಾಗಾಗಿ ನನ್ನ ಕಾರಿನ ಕೋಡಿಂಗ್ ಅದರಲ್ಲೇ ಇತ್ತು. ಪೈಪು ಮುಟ್ಟದೆ, ಇಗ್ನಿಷನ್ ಆರಿಸಿ, ವೈರಿನ ಕನೆಕ್ಟರನ್ನು ಮಾತ್ರ ಅದಕ್ಕೆ ಚುಚ್ಚಿದೆ. ಬ್ಯಾಟರಿಗೆ ಚಾರ್ಜರ್ ಹಾಕಿ ಇಗ್ನಿಷನ್ ಕೊಟ್ಟು, ವಿಸಿಡಿಎಸ್‌ನಲ್ಲಿ 03 ಎಬಿಎಸ್ ತೆರೆದು, 07 ಕೋಡಿಂಗಿನ ಅಂಕಿಗಳ ಸಾಲನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡೆ. ಸೊನ್ನೆಯೊಂದು ತಪ್ಪಿದರೂ ಕೆಲಸ ಕೆಟ್ಟೀತು, ಕೈಯಲ್ಲಿ ಬರೆಯಬೇಡಿ. ಇಗ್ನಿಷನ್ ಆರಿಸಿ ಕನೆಕ್ಟರನ್ನು ಹೊಸದಕ್ಕೆ ಮರಳಿಸಿ, ಅದೇ ಸಾಲು ಹಾಕಿದೆ. ಸ್ವೀಕರಿಸಿತು.

ಇಎಸ್‌ಪಿ ದೀಪ ಇನ್ನೂ ಉಳಿಯಿತು: ಸ್ಟೀರಿಂಗ್ ಕೋನದ ಶೂನ್ಯ ಸ್ಥಾನ ಹೊಂದಿಸಿರಲಿಲ್ಲ. ಸಮತಟ್ಟು ರಸ್ತೆಯಲ್ಲಿ 20 ಕಿ.ಮೀ. ವೇಗ ಮೀರದೆ ನೇರ ಓಡಿಸಿ, ಸ್ಟೀರಿಂಗ್ ಅಲುಗಿಸದೆ, ಇಗ್ನಿಷನ್ ಆರಿಸದೆ ನಿಲ್ಲಿಸಿದೆ. ಮೊದಲು ಲಾಗಿನ್ 40168, ಬಳಿಕ 04 ಮೂಲ ಹೊಂದಿಕೆಯ 060 ಗುಂಪು. ನಮ್ಮ ಘಟಕ ಎಂಕೆ60 ಎಂಬ ಮಾದರಿಯದು. ಬೇರೆಯದಕ್ಕೆ ಸಂಖ್ಯೆ ಬೇರೆ ಇರಬಹುದು. ದೋಷ ಅಳಿಸಿದೆ, ದೀಪಗಳು ಆರಿದವು. ಮರುದಿನ ದೇವಿಮನೆ ಘಟ್ಟ ಇಳಿದರೂ ಮತ್ತೆ ಹೊತ್ತಲಿಲ್ಲ.