‘ಸೀ, ಸೀ’ ಎಂದರೆ ಪಾಠ ತಲೆಗೆ ಹೋಯಿತು ಎಂದಲ್ಲ
ಕ್ಯಾಲಿಫೋರ್ನಿಯಾದ ತರಕಾರಿ ಬೆಳೆಗಾರರಿಗೆ, ಕೊಯ್ಲಿನ ಆಳುಗಳಿಗೆ ಎರಡು ಭಾಷೆಯಲ್ಲಿ ಆಹಾರ ಸುರಕ್ಷತೆ ಕಲಿಸುವುದು ಹೇಗೆ?

ಇಂಗ್ಲಿಷಿನ ‘ಫುಡ್ ಸೇಫ್ಟಿ’ಯನ್ನು ಸ್ಪ್ಯಾನಿಷ್‌ಗೆ ತರಲು ಹೊರಟವರು ಮೊದಲ ಪದದಲ್ಲೇ ಎಡವುತ್ತಾರೆ. ನಿಘಂಟು ನೋಡಿ ‘ಸೆಗುರಿದಾದ್ ಅಲಿಮೆಂತಾರಿಯಾ’ ಎಂದು ಕರಪತ್ರಕ್ಕೆ ತಲೆಬರಹ ಕೊಟ್ಟರೆ, ಓದಿದವರು ಪಡಿತರ ಹಂಚುವ ಸಭೆಯೇನೋ ಅಂದುಕೊಳ್ಳಬಹುದು. ಆ ಮಾತಿಗೆ ರೂಢಿಯ ಅರ್ಥ ಆಹಾರ ಭದ್ರತೆ, ಅಂದರೆ ಎಲ್ಲರ ಹೊಟ್ಟೆಗೂ ಸಾಕಷ್ಟು ಸಿಗುವುದು. ತಿಂದದ್ದರಿಂದ ಕಾಯಿಲೆ ಬಾರದಂತೆ ನೋಡಿಕೊಳ್ಳುವುದಕ್ಕೆ ‘ಇನೊಕುಯಿದಾದ್’ ಎಂಬ ಬೇರೆ ಪದವೇ ಇದೆ. ಆದರೆ ಅದು ಕಚೇರಿಯ ಪದ. ಬೆಳಗಿನ ಮಂಜಿನಲ್ಲಿ ಬಗ್ಗಿ ಲೆಟಸ್ ಸೊಪ್ಪು ಕೊಯ್ಯುವವರ ಬಾಯಲ್ಲಿ ಸುಳಿಯುವಂಥದ್ದಲ್ಲ. ಸುರಕ್ಷತೆ ಬೇರೆ, ಭದ್ರತೆ ಬೇರೆ ಎಂದು ಎರಡು ಪದ ಇಟ್ಟುಕೊಂಡ ನಾವೂ ಅವನ್ನು ಅದಲುಬದಲು ಮಾಡುವುದುಂಟು, ಹಾಗಾಗಿ ನಗುವ ಹಾಗಿಲ್ಲ.

ಈ ಪಾಠದ ತವರು ಸಲಿನಾಸ್ ಕಣಿವೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ದಕ್ಷಿಣಕ್ಕಿರುವ ಈ ಪ್ರದೇಶವನ್ನು ಅಮೆರಿಕದವರು ‘ಸಲಾಡ್ ಬಟ್ಟಲು’ ಎಂದೇ ಕರೆಯುತ್ತಾರೆ. ಲೆಟಸ್, ಪಾಲಕ್, ಬ್ರೊಕೊಲಿ, ಸ್ಟ್ರಾಬೆರಿ ಇಲ್ಲಿನ ಬೆಳೆಗಳು. 2006ರ ಸೆಪ್ಟೆಂಬರ್ 14ರಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು, ಚೀಲದಲ್ಲಿ ಬರುವ ಪಾಲಕ್ ಸೊಪ್ಪನ್ನು ತಿನ್ನಲೇಬೇಡಿ ಎಂದು ಇಡೀ ದೇಶಕ್ಕೆ ಹೇಳಿತು. ಇ. ಕೋಲಿ ಒ157:ಎಚ್7 ಎಂಬ ರೋಗಾಣು 26 ರಾಜ್ಯಗಳಲ್ಲಿ ಸುಮಾರು 200 ಮಂದಿಯನ್ನು ಮಲಗಿಸಿತು; ಕೆಲವರು ತೀರಿಕೊಂಡರು. ಸೊಪ್ಪಿನ ಜಾಡು ಇದೇ ಭಾಗದ ಹೊಲವೊಂದಕ್ಕೆ ಹೋಯಿತು. ಅದೇ ತಳಿಯ ರೋಗಾಣು ಹತ್ತಿರದಲ್ಲಿ ಮೇಯುತ್ತಿದ್ದ ದನಗಳ ಸಗಣಿಯಲ್ಲೂ ಕಾಡುಹಂದಿಗಳಲ್ಲೂ ಸಿಕ್ಕಿತು. 2011ರ ಜನವರಿಯಲ್ಲಿ ಹೊಸ ಆಹಾರ ಸುರಕ್ಷತಾ ಕಾಯ್ದೆ ಬಂತು, 2015ರ ನವೆಂಬರ್‌ನಲ್ಲಿ ಹಸಿಯಾಗಿ ತಿನ್ನುವ ಹಣ್ಣು ತರಕಾರಿಗೆಂದೇ ನಿಯಮಗಳು ಬಂದವು.

ಆ ನಿಯಮಗಳಲ್ಲಿ ಒಂದು ಸಣ್ಣ ವಾಕ್ಯವಿದೆ: ತರಬೇತಿ, ಅದನ್ನು ಪಡೆಯುವವರಿಗೆ ಸುಲಭವಾಗಿ ಅರ್ಥವಾಗುವ ರೀತಿಯಲ್ಲಿ ಇರಬೇಕು. ಅಮೆರಿಕದ ಹೊಲಗಳಲ್ಲಿ ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಲೀಸಾದ ಭಾಷೆ ಸ್ಪ್ಯಾನಿಷ್. ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದ ರೈತರೇ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚಿದ್ದಾರೆ. ಅವರಲ್ಲಿ ನಿನ್ನೆ ಮೊನ್ನೆಯವರೆಗೆ ಕೂಲಿಗೆ ಹೋಗುತ್ತಿದ್ದು ಈಗ ಗೇಣಿಗೆ ಎರಡು ಮೂರು ಎಕರೆ ಹಿಡಿದವರೂ ಇದ್ದಾರೆ. ಸಲಿನಾಸ್‌ನ ‘ಆಲ್ಬಾ’ ಸಂಸ್ಥೆ ಅಂಥವರಿಗೆಂದೇ ಎರಡು ಭಾಷೆಯಲ್ಲಿ ಬೇಸಾಯದ ಶಾಲೆ ನಡೆಸುತ್ತದೆ. ಹೀಗಾಗಿ ಎರಡು ಭಾಷೆಯ ಪಾಠ ಅಲ್ಲಿ ಉಪಕಾರವಲ್ಲ, ಕಾನೂನಿನ ಬೇಡಿಕೆ. ಅದನ್ನು ನಡೆಸುವ ಬಗೆ ಹೀಗೆ.

ಮೊದಲು ಎದುರಿಗಿರುವವರು ಯಾರೆಂದು ತಿಳಿಯಿರಿ

ಕೇಳುಗರು ಎರಡು ಬಗೆ. ಬೆಳೆಗಾರರದು ಒಂದು, ಕೊಯ್ಲಿನ ಆಳುಗಳದು ಇನ್ನೊಂದು. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರೆ ಇಬ್ಬರಿಗೂ ದಕ್ಕುವುದಿಲ್ಲ. ನಿಯಮದ ಪ್ರಕಾರ ತೋಟದ ಕನಿಷ್ಠ ಒಬ್ಬ ಮೇಲ್ವಿಚಾರಕರು ಮಾನ್ಯತೆ ಪಡೆದ ಪಠ್ಯದಲ್ಲಿ ತರಬೇತಿ ಮುಗಿಸಿರಬೇಕು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನೆಲೆಯಿರುವ ‘ಪ್ರೊಡ್ಯೂಸ್ ಸೇಫ್ಟಿ ಅಲಯನ್ಸ್’ ರೂಪಿಸಿದ ಏಳು ಪಾಠಗಳ ಪಠ್ಯವೇ ಹೆಚ್ಚು ಬಳಕೆಯಲ್ಲಿದೆ. ಅದು ಸ್ಪ್ಯಾನಿಷ್‌ನಲ್ಲೂ ಸಿಗುತ್ತದೆ. ಮುಗಿಸಲು ಇಡೀ ಒಂದು ದಿನ ಬೇಕು. ಆಳುಗಳಿಗೆ ಅಷ್ಟೊಂದು ಬೇಕಿಲ್ಲ. ಆದರೆ ಕೆಲಸಕ್ಕೆ ಸೇರಿದಾಗ ಒಮ್ಮೆ, ಆಮೇಲೆ ವರ್ಷಕ್ಕೆ ಒಮ್ಮೆಯಾದರೂ ಹೇಳಿಕೊಡಲೇಬೇಕು.

ಮೆಕ್ಸಿಕೊದಿಂದ ಬಂದವರೆಲ್ಲ ಸ್ಪ್ಯಾನಿಷ್ ಆಡುತ್ತಾರೆ ಎಂದುಕೊಳ್ಳುವುದು ದೊಡ್ಡ ತಪ್ಪು. ಅಲ್ಲಿನ ವಹಾಕಾ, ಗೆರೆರೊ ರಾಜ್ಯಗಳಿಂದ ಬಂದ ಅನೇಕರ ಮನೆಮಾತು ಮಿಶ್ತೆಕೊ, ತ್ರಿಕಿ ಇಲ್ಲವೇ ಸಾಪೊತೆಕೊ. ಅವರಿಗೆ ಸ್ಪ್ಯಾನಿಷ್ ಸಂತೆಯಲ್ಲಿ ಕಲಿತ ಭಾಷೆ. ಮಿಶ್ತೆಕೊ ಕೂಡ ಒಂದೇ ಭಾಷೆಯಲ್ಲ, ಒಂದೂರಿನವರ ಮಾತು ಇನ್ನೊಂದೂರಿನವರಿಗೆ ತಿಳಿಯದಷ್ಟು ಬೇರೆ ಬೇರೆ ರೂಪಗಳಿವೆ. ಆದ್ದರಿಂದ ಮೇಸ್ತ್ರಿಗೆ (ಅಲ್ಲಿ ‘ಮಯೋರ್ದೊಮೊ’ ಅನ್ನುತ್ತಾರೆ) ಮುಂಚೆಯೇ ಫೋನ್ ಮಾಡಿ, ಊಟದ ಹೊತ್ತಿನಲ್ಲಿ ಆಳುಗಳು ತಮ್ಮ ತಮ್ಮಲ್ಲಿ ಯಾವ ಭಾಷೆ ಆಡುತ್ತಾರೆ ಎಂದು ಕೇಳಿ. ‘ಸ್ಪ್ಯಾನಿಷ್ ಬರುತ್ತದಾ?’ ಎಂದು ಕೇಳಿದರೆ ಎಲ್ಲರಿಗೂ ಬರುತ್ತದೆ ಎಂಬ ಉತ್ತರವೇ ಸಿಗುವುದು.

ಹೊತ್ತು ನೋಡಿ ಹೋಗಿ

ನವೆಂಬರ್ ಹೊತ್ತಿಗೆ ಲೆಟಸ್ ಕೆಲಸವೆಲ್ಲ ಸಲಿನಾಸ್‌ನಿಂದ ಅರಿಝೋನಾದ ಯೂಮಾಕ್ಕೆ ಹೋಗುತ್ತದೆ, ವಸಂತದಲ್ಲಿ ಮರಳುತ್ತದೆ. ಸಣ್ಣ ಬೆಳೆಗಾರರಿಗೆ ಒಂದು ದಿನದ ತರಗತಿ ಇಡಲು ಚಳಿಗಾಲವೇ ಸರಿ. ಆಳುಗಳಿಗಾದರೆ ಕೊಯ್ಲು ಶುರುವಾಗುವ ವಾರ, ಬೆಳಗ್ಗೆ ಚಾಕು ಹಿಡಿಯುವ ಮುಂಚೆ, ಟ್ರಕ್ಕಿನ ಬದಿಯಲ್ಲಿ ನಿಂತು 15 ನಿಮಿಷ. ಅದಕ್ಕೆ ‘ತರಬೇತಿ’ ಎಂಬ ಭಾರದ ಹೆಸರು ಬೇಡ. ‘ಪ್ಲಾತಿಕಾ’ ಅನ್ನುತ್ತಾರೆ, ಅಂದರೆ ಮಾತುಕತೆ. ಒಂದು ಪ್ಲಾತಿಕಾಕ್ಕೆ ಒಂದೇ ವಿಷಯ.

ಅನುವಾದ ಮಾಡಬೇಡಿ, ಪದ ಹುಡುಕಿ

ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇಲ್ಲೇ ಇದೆ. ಇಂಗ್ಲಿಷ್ ಪಾಠವನ್ನು ಯಂತ್ರಕ್ಕೆ ಕೊಟ್ಟು ಸ್ಪ್ಯಾನಿಷ್ ಹಾಳೆ ತೆಗೆದುಕೊಂಡವರು ಅರ್ಧ ಪಾಠ ಅಲ್ಲೇ ಕಳೆದುಕೊಂಡಿರುತ್ತಾರೆ.

‘ಅಬೋನೊ’ ಎಂಬ ಪದ ನೋಡಿ. ಅದು ಸಗಣಿ ಗೊಬ್ಬರವೂ ಹೌದು, ಚೀಲದಲ್ಲಿ ಬರುವ ರಾಸಾಯನಿಕವೂ ಹೌದು, ಕಾಂಪೋಸ್ಟೂ ಹೌದು. ಥೇಟ್ ನಮ್ಮ ‘ಗೊಬ್ಬರ’. ಅಬೋನೊ ಹಾಕಿ ಇಷ್ಟು ದಿನ ಕೊಯ್ಯಬೇಡಿ ಎಂದರೆ ಯಾವ ಅಬೋನೊ? ಹಸಿ ಸಗಣಿಗೆ ‘ಎಸ್ತಿಯೆರ್ಕೊಲ್ ಕ್ರೂದೊ’ ಎಂದೇ ಹೇಳಬೇಕು. ಸಾವಯವ ಬೇಸಾಯದ ಅಮೆರಿಕನ್ ನಿಯಮದಲ್ಲಿ ಹಸಿ ಗೊಬ್ಬರ ಹಾಕಿದ ಮೇಲೆ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಗೆ 120 ದಿನ, ತಾಗದ ಬೆಳೆಗೆ 90 ದಿನ ಕಾಯಬೇಕು. ಒಂದು ಪದ ಸಡಿಲವಾದರೆ ಈ ಲೆಕ್ಕವೆಲ್ಲ ನೀರಿನಲ್ಲಿ ಹೋಮ.

ತೊಳೆಯುವುದು ಬೇರೆ, ರೋಗಾಣು ಕೊಲ್ಲುವುದು ಬೇರೆ. ‘ಲಿಂಪಿಯಾರ್’ ಎಂದರೆ ಕೊಳೆ ತೆಗೆಯುವುದು. ಅದಾದ ಮೇಲೆ ಬರುವುದು ‘ಡೆಸಿನ್ಫೆಕ್ತಾರ್’. ಕೊಳೆ ಇರುವ ಬುಟ್ಟಿಯ ಮೇಲೆ ಔಷಧಿ ಸುರಿದರೆ ಕೊಳೆಯೇ ಔಷಧಿಯನ್ನು ತಿಂದುಹಾಕುತ್ತದೆ. ಇನ್ನು ‘ಕ್ಲೋರೊ’ (ಕ್ಲೋರಿನ್) ಎಂದರೆ ಅನೇಕರ ಕಣ್ಣಮುಂದೆ ಬರುವುದು ಮನೆಯಲ್ಲಿ ಬಟ್ಟೆ ಬಿಳುಪಾಗಿಸುವ, ಸುವಾಸನೆ ಬೆರೆಸಿದ ಬಾಟಲಿ. ತರಕಾರಿ ತೊಳೆಯುವ ನೀರಿಗೆ ಬಳಸಬೇಕಾದ್ದು ಆ ಬಳಕೆಗೆಂದೇ ಚೀಟಿಯಲ್ಲಿ ಬರೆದಿರುವ ಔಷಧಿ ಮಾತ್ರ. ಬಾಯಲ್ಲಿ ಹೇಳಿ ಬಿಡಬೇಡಿ, ಆ ಡಬ್ಬವನ್ನೇ ಕೈಯಲ್ಲಿ ಹಿಡಿದು ತೋರಿಸಿ.

ಹೊಲದವರ ಸ್ಪ್ಯಾನಿಷ್ ಪುಸ್ತಕದ್ದಲ್ಲ. ಟ್ರಕ್ ಅವರಿಗೆ ‘ತ್ರೊಕಾ’, ಮಧ್ಯಾಹ್ನದ ಊಟ ‘ಲೊಂಚೆ’, ಸೊಪ್ಪಿನ ಕಟ್ಟು ‘ಬೊಂಚೆ’, ಹೊಲ ‘ಫಿಲ್’. ಮ್ಯಾಡ್ರಿಡ್‌ನ ಪಂಡಿತರು ಮೂಗು ಮುರಿದಾರು. ಮುರಿಯಲಿ ಬಿಡಿ, ಅವರು ಲೆಟಸ್ ಕೊಯ್ಯುವುದಿಲ್ಲ. ಭಿತ್ತಿಪತ್ರ ಅಚ್ಚಿಗೆ ಹಾಕುವ ಮುನ್ನ ನಾಲ್ಕು ಆಳುಗಳ ಮುಂದೆ ಹಿಡಿದು, ‘ಈ ಚಿತ್ರದಲ್ಲಿ ಏನಾಗುತ್ತಿದೆ?’ ಎಂದು ಕೇಳಿ. ಅವರು ಹೇಳಿದ ಪದಗಳನ್ನೇ ಕೆಳಗೆ ಬರೆಯಿರಿ. ಹೆಚ್ಚು ಓದದವರೂ ಇರುತ್ತಾರೆ, ಚಿತ್ರವೇ ಮುಕ್ಕಾಲು ಪಾಲು ಮಾತಾಡಬೇಕು.

ಅಳತೆಗಳನ್ನೂ ಮರೆಯಬೇಡಿ. ತಿರುವಿ ಹಾಕುವ ಕಾಂಪೋಸ್ಟ್ ರಾಶಿ 131 ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಲ್ಲಿ 15 ದಿನ ಇರಬೇಕು, ಅಷ್ಟರಲ್ಲಿ 5 ಸಲ ತಿರುವಬೇಕು ಎನ್ನುತ್ತದೆ ನಿಯಮ. ಮೆಕ್ಸಿಕೊದಲ್ಲಿ ಬೆಳೆದವರು ನಮ್ಮಂತೆಯೇ ಸೆಲ್ಸಿಯಸ್‌ನವರು. 55 ಡಿಗ್ರಿ ಎಂದರೆ ತಟ್ಟನೆ ಹೊಳೆಯುತ್ತದೆ.

ಮರ್ಯಾದೆಯ ವಿಚಾರದಲ್ಲಿ ಕನ್ನಡದವರಿಗೆ ಪಾಠ ಬೇಕಿಲ್ಲ. ಇಂಗ್ಲಿಷಿನಲ್ಲಿ ಎಲ್ಲರೂ ‘ಯೂ’. ಸ್ಪ್ಯಾನಿಷ್‌ನಲ್ಲಿ ‘ತು’ ಎಂದರೆ ನೀನು, ‘ಉಸ್ತೆದ್’ ಎಂದರೆ ನೀವು. ಇಪ್ಪತ್ತೈದರ ತರಬೇತುದಾರ ಅರವತ್ತರ ಆಳಿಗೆ ‘ತು’ ಎಂದು ಕೈ ತೊಳೆಯಲು ಹೇಳಿದರೆ ಆ ಹಿರಿಯರು ಕೇಳಿಸಿಕೊಂಡಾರೆಯೇ? ಹೆಸರಿಗೆ ಮೊದಲು ಗೌರವದ ‘ದೋನ್’ ಸೇರಿಸಿ, ಕೆಲಸ ಹಗುರಾಗುತ್ತದೆ.

ತೋರಿಸಿ, ಮಾಡಿಸಿ

ಕೈ ತೊಳೆಯುವ ಪಾಠಕ್ಕೆ ಒಂದು ಹಳೆಯ ಉಪಾಯವಿದೆ. ಕಣ್ಣಿಗೆ ಕಾಣದ, ಆದರೆ ನೇರಳಾತೀತ ದೀಪದಲ್ಲಿ ಹೊಳೆಯುವ ಪುಡಿಯನ್ನು ಅಂಗೈಗೆ ಸವರಿ ಕೈ ತೊಳೆಯಲು ಹೇಳುತ್ತಾರೆ. ಆಮೇಲೆ ದೀಪದ ಕೆಳಗೆ ಹಿಡಿದರೆ ಉಗುರಿನ ಸಂದು, ಹೆಬ್ಬೆರಳ ಬುಡ, ಉಂಗುರದ ಸುತ್ತ ಎಲ್ಲ ಹೊಳೆಯುತ್ತದೆ. ಭಾಷೆಯೇ ಬೇಡದ ಪಾಠವಿದು. (ಕೋಲಾರದಲ್ಲೋ ಬೆಳಗಾವಿಯಲ್ಲೋ ಮಾಡುವವರು ದೀಪಕ್ಕಾಗಿ ಕಾಯಬೇಕಿಲ್ಲ, ಎಣ್ಣೆಯಲ್ಲಿ ಕಲಸಿದ ಅರಿಶಿನ ಸಾಕು.) ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ, ಒಮ್ಮೆ ಬಳಸಿ ಎಸೆಯುವ ಕಾಗದದಲ್ಲಿ ಒರೆಸುವವರೆಗೆ ಪ್ರತಿಯೊಬ್ಬರೂ ಮಾಡಲಿ. ಸ್ಯಾನಿಟೈಸರ್ ಹಚ್ಚಿಕೊಂಡರೆ ಸಾಲದೇ ಎಂದು ಯಾರಾದರೂ ಕೇಳುತ್ತಾರೆ. ಸಾಲದು, ಮಣ್ಣು ಮೆತ್ತಿದ ಕೈಗೆ ಅದು ನಾಟುವುದಿಲ್ಲ, ನಿಯಮವೂ ಸೋಪಿಗೆ ಬದಲಾಗಿ ಅದನ್ನು ಒಪ್ಪುವುದಿಲ್ಲ.

ಆಮೇಲೆ ಸಾಲುಗಳ ನಡುವೆ ನಡೆಸಿಕೊಂಡು ಹೋಗಿ. ಹಂದಿಯ ಹೆಜ್ಜೆ, ಜಿಂಕೆಯ ಹಿಕ್ಕೆ, ಕಚ್ಚಿದ ಎಲೆ ಕಂಡಾಗ ಏನು ಮಾಡಬೇಕು? ನಿಲ್ಲಿಸು, ಗುರುತು ಹಾಕು, ಮೇಸ್ತ್ರಿಗೆ ಹೇಳು. ಕ್ಯಾಲಿಫೋರ್ನಿಯಾದ ಸೊಪ್ಪಿನ ಹೊಲಗಳಲ್ಲಿ ಹಿಕ್ಕೆಯ ಸುತ್ತ 5 ಅಡಿ ಕೊಯ್ಯದೆ ಬಿಡುವುದು ರೂಢಿ. ಐದಡಿ ಎಂದು ಬಾಯಲ್ಲಿ ಹೇಳುವುದಕ್ಕಿಂತ ಹಗ್ಗ ಕೊಟ್ಟು ಅವರಿಂದಲೇ ಸುತ್ತು ಹಾಕಿಸಿ. ನೆಲಕ್ಕೆ ಬಿದ್ದ ಸೊಪ್ಪನ್ನು ಒರೆಸಿ ಪೆಟ್ಟಿಗೆಗೆ ಹಾಕುವ ಚಾಳಿ ಎಲ್ಲೆಡೆಯೂ ಇದೆ, ಅದನ್ನೂ ಅಲ್ಲೇ ಬಿಡಿಸಿ.

ಕೂಲಿಯ ಲೆಕ್ಕ ಬಿಟ್ಟರೆ ಪಾಠ ಸುಳ್ಳು

ಪೆಟ್ಟಿಗೆ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಶೌಚಾಲಯಕ್ಕೆ ಹೋಗಿ ಬರುವುದೆಂದರೆ ಒಂದೋ ಎರಡೋ ಪೆಟ್ಟಿಗೆ ಕಡಿಮೆ. ಶೌಚಾಲಯ ದೂರವಿದ್ದರೆ ಬದುವಿನ ಮರೆಯೇ ಗತಿ. 11 ಅಥವಾ ಹೆಚ್ಚು ಆಳುಗಳಿರುವಲ್ಲಿ 20 ಜನಕ್ಕೆ ಒಂದು ಶೌಚಾಲಯ, ಕಾಲು ಮೈಲಿ ನಡಿಗೆಯೊಳಗೆ, ಪಕ್ಕದಲ್ಲೇ ಕೈ ತೊಳೆಯುವ ನೀರು ಇರಬೇಕು ಎಂಬುದು ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ. ಶೌಚಾಲಯವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೆಕ್ಸಿಕೊದ ಪ್ಯೂಬ್ಲಾ ರಾಜ್ಯವೇ ಉದಾಹರಣೆ. ಅಲ್ಲಿನ ಕೆಲವು ಕೊತ್ತಂಬರಿ ಹೊಲಗಳಲ್ಲಿ ಮನುಷ್ಯರ ಮಲ, ಶೌಚಕಾಗದ ಸಿಕ್ಕವು. 2015ರಲ್ಲಿ ಬೇಸಿಗೆ ತಿಂಗಳುಗಳಿಗೆ ಆ ಕೊತ್ತಂಬರಿಯನ್ನು ಅಮೆರಿಕ ಗಡಿಯಲ್ಲೇ ತಡೆಯಿತು. ಅದಕ್ಕೆ ಕೊಯ್ದವರನ್ನು ಬೈದರೆ ಏನು ಬಂತು?

ಭೇದಿ, ವಾಂತಿ, ಕಾಮಾಲೆ ಇದ್ದವರು ಕೊಯ್ಲಿಗೆ ಬರಬಾರದು ಎಂಬ ಪಾಠವೂ ಹೀಗೆಯೇ. ರಜೆ ಹಾಕಿದರೆ ದಿನದ ಕೂಲಿ ಹೋಗುತ್ತದೆ ಎಂಬ ಭಯವಿರುವವರು ಹೊಟ್ಟೆನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ. 2024ರಿಂದ ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕೆ ಕನಿಷ್ಠ 5 ದಿನ ಸಂಬಳಸಹಿತ ಕಾಯಿಲೆ ರಜೆ ಇದೆ. ಅದನ್ನು ಸ್ಪ್ಯಾನಿಷ್‌ನಲ್ಲಿ ಸ್ಪಷ್ಟವಾಗಿ ಹೇಳಿ, ಬೆಳೆಗಾರರ ಬಾಯಿಂದಲೇ ಹೇಳಿಸಿದರೆ ಇನ್ನೂ ಒಳ್ಳೆಯದು.

ಬೆಳೆಗಾರರ ತರಗತಿಯಲ್ಲಿ ಹೆಚ್ಚು ಹೊತ್ತು ತಿನ್ನುವುದು ನೀರು. ಕೊಯ್ಲಿನ ವೇಳೆ ಮತ್ತು ನಂತರ ಬಳಸುವ ನೀರಿನ 100 ಮಿಲಿಲೀಟರ್‌ನಲ್ಲಿ ಇ. ಕೋಲಿ ಕಾಣಲೇಬಾರದು, ಕೈ ತೊಳೆಯುವ ನೀರಿಗೂ ಇದೇ ಮಾತು. ಹೊಲಕ್ಕೆ ಹಾಯಿಸುವ ನೀರಿನ ನಿಯಮ 2024ರ ಮೇ ತಿಂಗಳಲ್ಲಿ ಬದಲಾಗಿದೆ. ಈಗ ಬೆಳೆಗಾರರೇ ವರ್ಷಕ್ಕೊಮ್ಮೆ ತಮ್ಮ ಬಾವಿ, ಕಾಲುವೆ, ಸುತ್ತಮುತ್ತಲಿನ ದನದ ದೊಡ್ಡಿ ಎಲ್ಲವನ್ನೂ ನೋಡಿ ಅಪಾಯ ಅಳೆದು ಬರೆದಿಡಬೇಕು. ಇದಕ್ಕೆ ಅವರವರ ತೋಟದ ನಕ್ಷೆಯನ್ನು ಅವರ ಕೈಯಲ್ಲೇ ಬಿಡಿಸಿ.

ಅರ್ಥವಾಯ್ತಾ ಎಂದು ಕೇಳಬೇಡಿ

ಕೇಳಿದರೆ ‘ಸೀ, ಸೀ’ (ಹೌದು, ಹೌದು) ಅನ್ನುತ್ತಾರೆ. ನಮ್ಮಲ್ಲಿ ‘ಹೂಂ ಸಾರ್’ ಇದ್ದ ಹಾಗೆ. ಅದರ ಬದಲು, ‘ನಾಳೆ ಹೊಸಬರೊಬ್ಬರು ಕೆಲಸಕ್ಕೆ ಬರುತ್ತಾರೆ, ಚಾಕು ನೆಲಕ್ಕೆ ಬಿದ್ದರೆ ಏನು ಮಾಡಬೇಕೆಂದು ಅವರಿಗೆ ಹೇಗೆ ಹೇಳುತ್ತೀರಿ?’ ಎಂದು ಕೇಳಿ. ತಪ್ಪಿದ್ದರೆ ಅಲ್ಲೇ ತಿಳಿಯುತ್ತದೆ. ಮಿಶ್ತೆಕೊ ಆಡುವವರಿದ್ದರೆ ಅವರಲ್ಲೊಬ್ಬರಿಗೆ ಕೂಲಿ ಕೊಟ್ಟು ದುಭಾಷಿಯಾಗಿಸಿ. ಸಿಕ್ಕ ಮಕ್ಕಳನ್ನು ಕರೆದು ಅನುವಾದ ಮಾಡಿಸುವ ಅಭ್ಯಾಸ ಬೇಡ. ಭೇದಿಯ ವಿಷಯವನ್ನು ಅಪ್ಪ ತನ್ನ ಮಗಳ ಮುಂದೆ ಹೇಗೆ ಹೇಳಿಯಾನು?

ಕೊನೆಗೆ ಸಹಿ. ಯಾವ ದಿನ, ಯಾವ ವಿಷಯ, ಯಾರು ಯಾರು ಕಲಿತರು ಎಂಬ ದಾಖಲೆ ಬೇಕೇ ಬೇಕು, ಎರಡು ವರ್ಷ ಇಟ್ಟಿರಬೇಕು. ಕಾಗದಪತ್ರ ಸರಿಯಿಲ್ಲದ ಆಳುಗಳು ಹೆಸರು ಬರೆಯಲು ಹಿಂಜರಿಯುತ್ತಾರೆ, ಅದು ಸಹಜ. ಹಾಳೆ ಯಾತಕ್ಕೆ, ಎಲ್ಲಿರುತ್ತದೆ, ತಪಾಸಣೆಗೆ ಬಂದವರು ಏನು ನೋಡುತ್ತಾರೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಿಮ್ಮ ಕೈಯಲ್ಲಿಲ್ಲದ ಭರವಸೆ ಕೊಡಬೇಡಿ.

ಮೂರು ವಾರ ಬಿಟ್ಟು, ಹೇಳದೆ ಕೇಳದೆ ಮತ್ತೆ ಹೋಗಿ. ಮೊದಲು ಕೈ ತೊಳೆಯುವ ತೊಟ್ಟಿ ನೋಡಿ. ಸೋಪು ಮುಗಿದು ಕಾಗದದ ಸುರುಳಿ ಖಾಲಿಯಾಗಿದ್ದರೆ ಆಳುಗಳನ್ನು ಕರೆದು ಇನ್ನೊಂದು ಪ್ಲಾತಿಕಾ ನಡೆಸಬೇಡಿ. ಬೆಳೆಗಾರರ ಮನೆಬಾಗಿಲು ತಟ್ಟಿ.